ಚಾರ್ಜರ್ ಬೆನ್ನಿನ ಸಣ್ಣಕ್ಷರ: ಯುಎಸ್‌ಬಿ ಅಡಾಪ್ಟರಿನ ವ್ಯಾಟ್ ಲೆಕ್ಕ

ಅಡಾಪ್ಟರ್ ಕೊಳ್ಳಲು ಅಂಗಡಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಡಬ್ಬಿಯ ಮೇಲಿನ ದಪ್ಪ ಅಂಕಿ: 20, 33, 65, 100. ಅಂಕಿ ದೊಡ್ಡದಾದಷ್ಟೂ ಫೋನು ಬೇಗ ತುಂಬುತ್ತದೆ ಎಂದು ಮಾರುವವರು ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಮನೆಗೆ ತಂದು ಸಿಕ್ಕಿಸಿದ ಮೇಲೆ 65 ವ್ಯಾಟಿನ ಹೊಸ ಅಡಾಪ್ಟರ್ ಹಳೆಯ 10 ವ್ಯಾಟಿನದಕ್ಕಿಂತ ಒಂದಿಷ್ಟೂ ಚುರುಕಾಗಿ ಕೆಲಸ ಮಾಡದೆ ಹೋದರೆ, ಇದು ನಕಲಿ ಮಾಲು ಎಂಬ ತೀರ್ಮಾನಕ್ಕೆ ಬರುವವರೇ ಹೆಚ್ಚು. ಅದು ನಕಲಿಯೇ ಆಗಿರಬೇಕೆಂದಿಲ್ಲ. ಡಬ್ಬಿಯ ಮೇಲಿನ ಅಂಕಿ ಆ ಅಡಾಪ್ಟರ್ ಒಂದು ನಿರ್ದಿಷ್ಟ ಸನ್ನಿವೇಶದಲ್ಲಿ ಕೊಡಬಲ್ಲ ಗರಿಷ್ಠ ಶಕ್ತಿಯನ್ನು ಹೇಳುತ್ತದೆಯೇ ಹೊರತು, ನಿಮ್ಮ ಫೋನಿಗೆ ಎಷ್ಟು ಸಿಗುತ್ತದೆ ಎಂಬುದನ್ನಲ್ಲ. ಅದು ಅಡಾಪ್ಟರ್, ಕೇಬಲ್ ಮತ್ತು ಫೋನು ಮೂರೂ ಸೇರಿ ತೀರ್ಮಾನಿಸುವ ವಿಷಯ. ಮೂವರಲ್ಲಿ ಯಾರ ಶಕ್ತಿ ಕಡಿಮೆಯೋ ಅವರ ಮಾತೇ ನಡೆಯುತ್ತದೆ.

ಈ ತೀರ್ಮಾನವನ್ನು ಕೊಳ್ಳುವ ಮೊದಲೇ ಊಹಿಸಲು ಬೇಕಾದ ವಿವರ ಅಡಾಪ್ಟರಿನ ಮೈಮೇಲೆಯೇ ಇದೆ. ಅದನ್ನು ಬೆಳಕಿಗೆ ಹಿಡಿದು, ಬೇಕಿದ್ದರೆ ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ, ಪ್ಲಗ್ಗಿನ ಕಡ್ಡಿಗಳ ಸುತ್ತಮುತ್ತ ಮುದ್ರಿಸಿರುವ ಸಾಲುಗಳನ್ನು ಓದಬೇಕು. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ತಿಳಿಬೂದು ಬಣ್ಣದಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರಗಳಲ್ಲಿ ಇವನ್ನು ಅಚ್ಚು ಹಾಕುವವರಿಗೆ ಯಾರೂ ಓದದಿರಲಿ ಎಂಬ ಆಸೆಯೇ ಇರಬಹುದೇ ಎಂದು ಎಷ್ಟೋ ಸಲ ಅನ್ನಿಸಿದೆ. ಮೊದಲ ಸಾಲು ಇನ್‌ಪುಟ್, ಎಂದರೆ ಗೋಡೆಯ ಸಾಕೆಟ್ಟಿನಿಂದ ಒಳಗೆ ಬರುವ ವಿದ್ಯುತ್ತು. ಅಲ್ಲಿ 100–240 ವೋಲ್ಟ್, 50/60 ಹರ್ಟ್ಸ್, 1.7 ಆಂಪಿಯರ್ ಎಂದೇನೋ ಇರುತ್ತದೆ. ಈ ಆಂಪಿಯರನ್ನೇ ಫೋನಿಗೆ ಸಿಗುವ ಆಂಪಿಯರ್ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಚಾರ್ಜಿಂಗ್ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ನಮಗೆ ಬೇಕಾದುದು ಅದರ ಕೆಳಗಿನ ಔಟ್‌ಪುಟ್ ಸಾಲು.

65 ವ್ಯಾಟಿನ ಒಂದು ಸಾಧಾರಣ ಅಡಾಪ್ಟರಿನ ಔಟ್‌ಪುಟ್ ಸಾಲಿನಲ್ಲಿ ಐದು ಜೋಡಿಗಳು ಇರುತ್ತವೆ: 5 ವೋಲ್ಟಿಗೆ 3 ಆಂಪಿಯರ್, 9 ವೋಲ್ಟಿಗೆ 3, 12 ವೋಲ್ಟಿಗೆ 3, 15 ವೋಲ್ಟಿಗೆ 3, ಮತ್ತು 20 ವೋಲ್ಟಿಗೆ 3.25. ಪ್ರತಿ ಜೋಡಿಯನ್ನೂ ಗುಣಿಸಿ ನೋಡಿದರೆ ಕ್ರಮವಾಗಿ 15, 27, 36, 45 ಮತ್ತು 65 ವ್ಯಾಟ್ ಬರುತ್ತದೆ. ಡಬ್ಬಿಯ ಮೇಲೆ ಮೆರೆಯುವ 65 ಎಂಬ ಅಂಕಿ ಕೊನೆಯ ಜೋಡಿಯೊಂದರದ್ದು ಮಾತ್ರ. 20 ವೋಲ್ಟನ್ನು ಕೇಳುವ ಸಾಮರ್ಥ್ಯವಿರುವ ಲ್ಯಾಪ್‌ಟಾಪಿಗೆ ಅದು ಸಲ್ಲುತ್ತದೆ. 9 ವೋಲ್ಟಿಗಿಂತ ಮೇಲೆ ಕೇಳಲು ಬಾರದ ಫೋನಿಗೆ ಇದೇ ಅಡಾಪ್ಟರ್ 27 ವ್ಯಾಟಿನದು, 5 ವೋಲ್ಟು ಮಾತ್ರ ಬಲ್ಲ ಹಳೆಯ ಫೋನಿಗೆ 15 ವ್ಯಾಟಿನದು.

ವೋಲ್ಟ್ ಮತ್ತು ಆಂಪಿಯರುಗಳ ಈ ಗುಣಾಕಾರ ಯಾಕೆ ಎಂಬುದನ್ನು ಜಲವಿದ್ಯುತ್ತಿನ ನಾಡಿನವರಿಗೆ ವಿವರಿಸುವುದು ಕಷ್ಟವಲ್ಲ. ವೋಲ್ಟ್ ಎಂದರೆ ನೀರು ಬೀಳುವ ಎತ್ತರ, ಆಂಪಿಯರ್ ಎಂದರೆ ಕ್ಷಣಕ್ಷಣಕ್ಕೆ ಹರಿಯುವ ನೀರಿನ ಪ್ರಮಾಣ, ಎರಡನ್ನೂ ಗುಣಿಸಿದಾಗ ಬರುವ ವ್ಯಾಟ್ ಎಂದರೆ ಟರ್ಬೈನಿಗೆ ದಕ್ಕುವ ಬಲ. ಶರಾವತಿಯಲ್ಲಿ ಎತ್ತರ ಹೆಚ್ಚು. ಆಲಮಟ್ಟಿಯಲ್ಲಿ ಎತ್ತರ ಕಡಿಮೆ, ಅಲ್ಲಿ ನೀರಿನ ಪ್ರಮಾಣದ ಮೇಲೆಯೇ ಭಾರ. ಚಾರ್ಜರಿನಲ್ಲಿಯೂ ಹಾಗೆಯೇ ಶಕ್ತಿಯನ್ನು ಹೆಚ್ಚಿಸಲು ಎರಡು ದಾರಿಗಳಿವೆ, ಆದರೆ ಎರಡೂ ಸಮಾನವಲ್ಲ. ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 27 ವ್ಯಾಟನ್ನು 9 ವೋಲ್ಟಿನಲ್ಲಿ ಸಾಗಿಸಿದರೆ ತಂತಿಯಲ್ಲಿ 3 ಆಂಪಿಯರ್ ಹರಿಯುತ್ತದೆ. ಅಷ್ಟನ್ನೇ 5 ವೋಲ್ಟಿನಲ್ಲಿ ಸಾಗಿಸಲು ಹೋದರೆ 5.4 ಆಂಪಿಯರ್ ಹರಿಯಬೇಕು, ಆಗ ಅದೇ ತಂತಿಯಲ್ಲಿ ಪೋಲಾಗುವ ಶಾಖ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸಿದಾಗ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದು ಯಾವ ಕಾರಣಕ್ಕೋ, ಒಂದು ಮೀಟರ್ ಕೇಬಲಿನ ಆಚೆಗಿರುವ ಲ್ಯಾಪ್‌ಟಾಪಿಗೆ 20 ವೋಲ್ಟ್ ಕಳಿಸುವುದೂ ಅದೇ ಕಾರಣಕ್ಕೆ.

ಯುಎಸ್‌ಬಿ ಹುಟ್ಟಿದಾಗ ಈ ಗೋಜಲು ಇರಲಿಲ್ಲ. 1996ರಲ್ಲಿ ಅದು ಬಂದದ್ದು ಮೌಸು, ಕೀಬೋರ್ಡುಗಳನ್ನು ಕಂಪ್ಯೂಟರಿಗೆ ಜೋಡಿಸಲು; ವಿದ್ಯುತ್ತು ಜೊತೆಗೆ ಹರಿದುಬರುತ್ತಿದ್ದ ಉಪಕಾರವಷ್ಟೆ. 5 ವೋಲ್ಟು, ಅರ್ಧ ಆಂಪಿಯರ್, ಒಟ್ಟು 2.5 ವ್ಯಾಟು. ಮೊಬೈಲುಗಳು ಆ ಕಿಂಡಿಯನ್ನೇ ಚಾರ್ಜಿಂಗಿಗೆ ಹಿಡಿದುಕೊಂಡ ಮೇಲೆ ಬೇಡಿಕೆ ಏರುತ್ತ ಹೋಯಿತು. 2010ರ ನಿಯಮಾವಳಿ ಚಾರ್ಜರುಗಳಿಗೆ 1.5 ಆಂಪಿಯರ್ ಎಂದರೆ 7.5 ವ್ಯಾಟನ್ನು ಅನುಮತಿಸಿತು, 2014ರಲ್ಲಿ ಬಂದ ಟೈಪ್-ಸಿ ಪಿನ್ನು 3 ಆಂಪಿಯರ್ ಎಂದರೆ 15 ವ್ಯಾಟಿನವರೆಗೆ ತಂದಿತು. ಅದಕ್ಕಿಂತ ಮೇಲೆ ಹೋಗಬೇಕಾದರೆ ವೋಲ್ಟೇಜನ್ನು ಏರಿಸದೆ ವಿಧಿಯಿಲ್ಲ. ಅದರ ಸಾರ್ವತ್ರಿಕ ವಿಧಾನವೇ 2012ರಲ್ಲಿ ಮೊದಲು ಪ್ರಕಟವಾದ ಪವರ್ ಡೆಲಿವರಿ, ಅಂಗಡಿ ಭಾಷೆಯಲ್ಲಿ ಪಿಡಿ. ಅದರ ಮಿತಿ ಮೊದಲು 100 ವ್ಯಾಟ್ ಇತ್ತು. 2021ರ ಪರಿಷ್ಕರಣೆಯ ನಂತರ 48 ವೋಲ್ಟ್, 5 ಆಂಪಿಯರ್, ಒಟ್ಟು 240 ವ್ಯಾಟ್ ಆಗಿದೆ.

ಇಲ್ಲಿ ಸಹಜವಾಗಿಯೇ ಒಂದು ಭಯ ಹುಟ್ಟುತ್ತದೆ. 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರನ್ನು ಪುಟ್ಟ ಫೋನಿಗೆ ಸಿಕ್ಕಿಸಿದರೆ ಅದು ಸುಟ್ಟುಹೋಗುವುದಿಲ್ಲವೇ? ಹೋಗುವುದಿಲ್ಲ. ಆಂಪಿಯರನ್ನು ಚಾರ್ಜರು ತಳ್ಳುವುದಿಲ್ಲ, ಫೋನು ಎಳೆದುಕೊಳ್ಳುತ್ತದೆ. ಓವರ್‌ಹೆಡ್ ಟ್ಯಾಂಕಿನಲ್ಲಿ ಸಾವಿರ ಲೀಟರ್ ಇದ್ದರೂ ನಲ್ಲಿ ತಿರುಗಿಸಿದಷ್ಟೇ ನೀರು ಬರುವ ಹಾಗೆ. ಅಪಾಯವಿರುವುದು ವೋಲ್ಟೇಜಿನಲ್ಲಿ, ಮತ್ತು ಅದಕ್ಕೆಂದೇ ಪಿಡಿ ಅಡಾಪ್ಟರ್ ಯಾವತ್ತೂ 5 ವೋಲ್ಟಿನಿಂದಲೇ ಶುರುಮಾಡುತ್ತದೆ, ಎದುರಿನ ಸಾಧನ ಬಾಯಿಬಿಟ್ಟು ಕೇಳುವವರೆಗೆ ಒಂದು ವೋಲ್ಟನ್ನೂ ಏರಿಸುವುದಿಲ್ಲ. ರೌಟರಿನ ಜೊತೆ ಬರುವ ದುಂಡು ಪಿನ್ನಿನ ಅಡಾಪ್ಟರಿಗೆ ಈ ಸೌಜನ್ಯ ಇಲ್ಲ: ಅದು 12 ವೋಲ್ಟಿನದಾಗಿದ್ದರೆ ಪಿನ್ನು ಕೂತಲ್ಲೆಲ್ಲ 12 ವೋಲ್ಟನ್ನೇ ಸುರಿಯುತ್ತದೆ. ‘ಅಡಾಪ್ಟರ್ ಬದಲಾಯಿಸಬೇಡ, ಹಾಳಾಗುತ್ತದೆ’ ಎಂದು ಮನೆಯ ಹಿರಿಯರು ಹೇಳುತ್ತಿದ್ದ ಮಾತು ಆ ದುಂಡು ಪಿನ್ನಿನ ಕಾಲದ್ದು, ಅಲ್ಲಿ ಅದು ಇಂದಿಗೂ ಸರಿ.

ಪಿಡಿ ಮಾತುಕತೆಯನ್ನು ಉಡುಪಿ ಹೋಟೆಲಿನ ಮಾಣಿಗೆ ಹೋಲಿಸಬಹುದು. ಗಿರಾಕಿ ಬಂದು ಕೂತ ಕೂಡಲೇ ಮಾಣಿ ಒಂದು ಲೋಟ ನೀರು ತಂದಿಡುತ್ತಾನೆ. ಅದು ಎಲ್ಲರಿಗೂ ಸಿಗುವ 5 ವೋಲ್ಟು. ಆಮೇಲೆ ಇಡ್ಲಿ, ವಡೆ, ಮಸಾಲೆದೋಸೆ ಎಂದು ಒಂದೇ ಉಸಿರಿಗೆ ಪಟ್ಟಿ ಒಪ್ಪಿಸುತ್ತಾನೆ. ಅದು ಬೆನ್ನಿನ ಮೇಲೆ ಮುದ್ರಿಸಿರುವ ಐದು ಜೋಡಿ. ಗಿರಾಕಿ ಅವುಗಳಲ್ಲಿ ಒಂದನ್ನು ಹೇಳುತ್ತಾನೆ, ಮಾಣಿ ಆಯಿತೆಂದು ಒಳಗೆ ಹೋಗಿ ತರುತ್ತಾನೆ. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳುವಂತಿಲ್ಲ, ಕೇಳದೆ ಇರುವುದನ್ನು ಅವನು ತರುವುದಿಲ್ಲ. ಇದೆಲ್ಲ ನಡೆಯುವುದು ಟೈಪ್-ಸಿ ಪಿನ್ನಿನೊಳಗಿನ ಒಂದು ಪ್ರತ್ಯೇಕ ತಂತಿಯ ಮೇಲೆ, ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ. ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಮೀಟರನ್ನು ನಡುವೆ ಸಿಕ್ಕಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಪರದೆಯ ಮೇಲೆ 5 ವೋಲ್ಟಿನ ಆಸುಪಾಸಿನ ಅಂಕಿ ಒಂದು ಗಳಿಗೆ ನಿಂತು, ತಟ್ಟನೆ 9ಕ್ಕೆ ಜಿಗಿಯುತ್ತದೆ, ಆಮೇಲೆ ಆಂಪಿಯರಿನ ಅಂಕಿ ನಿಧಾನವಾಗಿ ಮೇಲೇರುತ್ತದೆ. ಜಿಗಿಯದೆ 5ರಲ್ಲೇ ಉಳಿದರೆ ಮಾತುಕತೆ ಕುದುರಲಿಲ್ಲ ಎಂದು ತಿಳಿಯಬೇಕು.

ಪಟ್ಟಿಯಲ್ಲಿ ಇನ್ನೊಂದು ಸಾಲು ಇರುವುದುಂಟು, ಕೊಳ್ಳುವವರು ತಪ್ಪದೆ ಹುಡುಕಬೇಕಾದ ಸಾಲು ಅದು: ಪಿಪಿಎಸ್, 3.3–11 ವೋಲ್ಟ್, 3 ಆಂಪಿಯರ್ ಎಂಬ ಬಗೆಯದು. ಇಡ್ಲಿ-ವಡೆಯ ಹಾಗೆ ನಿಗದಿಯಾದ ತಿನಿಸಲ್ಲದೆ, ಸಕ್ಕರೆ ಕಡಿಮೆ, ಸ್ವಲ್ಪ ಸ್ಟ್ರಾಂಗು ಎಂದು ಹೇಳಿ ಮಾಡಿಸಿಕೊಳ್ಳುವ ಕಾಫಿ ಇದು. ಫೋನು ಈ ವ್ಯಾಪ್ತಿಯೊಳಗೆ 20 ಮಿಲಿವೋಲ್ಟಿನಷ್ಟು ಸಣ್ಣ ಹೆಜ್ಜೆಗಳಲ್ಲಿ ತನಗೆ ಆ ಕ್ಷಣಕ್ಕೆ ಬೇಕಾದ ವೋಲ್ಟೇಜನ್ನು ಕೇಳುತ್ತಲೇ ಇರಬಹುದು. ಇದರ ಲಾಭವೇನೆಂದರೆ, ಬ್ಯಾಟರಿಗೆ ಬೇಕಾದುದು ನಾಲ್ಕು ವೋಲ್ಟಿನ ಆಸುಪಾಸಿನ ವಿದ್ಯುತ್ತು. ಅಡಾಪ್ಟರಿನಿಂದ ಸರಿಯಾಗಿ ಅದರ ಎರಡರಷ್ಟು ಬಂದರೆ, ಅದನ್ನು ಅರ್ಧ ಮಾಡಿ ಬ್ಯಾಟರಿಗೆ ಕೊಡುವ ಕೆಲಸ ಫೋನಿನೊಳಗೆ ಹೆಚ್ಚು ಬಿಸಿಯಿಲ್ಲದೆ ನಡೆಯುತ್ತದೆ. ಶಾಖ ಕಡಿಮೆಯಾದಷ್ಟೂ ಹೆಚ್ಚು ಶಕ್ತಿಯನ್ನು ಒಳಗೆ ಬಿಟ್ಟುಕೊಳ್ಳಬಹುದು. ಸ್ಯಾಮ್‌ಸಂಗ್‌ನ 25 ವ್ಯಾಟ್ ಸೂಪರ್ ಫಾಸ್ಟ್ ಚಾರ್ಜಿಂಗ್ ಈ ಪಿಪಿಎಸ್ ಇಲ್ಲದೆ ಶುರುವಾಗುವುದೇ ಇಲ್ಲ. ಹೀಗಾಗಿ ಪಿಪಿಎಸ್ ಇಲ್ಲದ 65 ವ್ಯಾಟಿನ ಅಡಾಪ್ಟರಿಗಿಂತ ಪಿಪಿಎಸ್ ಇರುವ 25 ವ್ಯಾಟಿನದೇ ಆ ಫೋನನ್ನು ಬೇಗ ತುಂಬಿಸುತ್ತದೆ. ಬಹುತೇಕ ಐಫೋನುಗಳಿಗೆ ಈ ಹಂಗಿಲ್ಲ, ನಿಗದಿಯಾದ 9 ವೋಲ್ಟಿನ ಪಿಡಿ ಇದ್ದರೆ ಅವಕ್ಕೆ ಸಾಕು.

ಇನ್ನು ಕಂಪನಿಗಳ ಸ್ವಂತ ಭಾಷೆಗಳ ಸಂಗತಿ. 2014ರಲ್ಲಿ ಒಪ್ಪೊ ಕಂಪನಿ ತಂದ ವೂಕ್ ಮತ್ತು ಅದರ ನಂತರದ ಸೂಪರ್‌ವೂಕ್ ಬೇರೆಯೇ ದಾರಿ ಹಿಡಿದವು. ವೋಲ್ಟೇಜನ್ನು ತಗ್ಗಿನಲ್ಲಿಟ್ಟು ಆಂಪಿಯರನ್ನು ಏರಿಸುವುದು ಅವುಗಳ ಕ್ರಮ. 65 ವ್ಯಾಟಿನ ಸೂಪರ್‌ವೂಕ್ ಎಂದರೆ 10 ವೋಲ್ಟಿಗೆ 6.5 ಆಂಪಿಯರ್. ಇಷ್ಟು ಪ್ರವಾಹವನ್ನು ತಡೆದುಕೊಳ್ಳಲು ದಪ್ಪ ತಂತಿಯ ಸ್ವಂತ ಕೇಬಲ್ ಬೇಕು, ಮಾತುಕತೆಯೂ ಸ್ವಂತ ಭಾಷೆಯದು. ಅಂಥ ಅಡಾಪ್ಟರುಗಳಲ್ಲಿ ಕೆಲವು ಬೇರೆ ಕಂಪನಿಯ ಫೋನು ಎದುರಾದರೆ 5 ವೋಲ್ಟ್, 2 ಆಂಪಿಯರ್, ಎಂದರೆ ಕೇವಲ 10 ವ್ಯಾಟ್ ಕೊಟ್ಟು ಸುಮ್ಮನಾಗುತ್ತವೆ. ಮನೆಯಲ್ಲಿ ಒಬ್ಬರ ‘65’ ಚಾರ್ಜರು ಇನ್ನೊಬ್ಬರ ಫೋನಿಗೆ ಆಮೆಯಂತೆ ನಡೆಯುವುದಕ್ಕೆ ಬಹುಪಾಲು ಇದೇ ಕಾರಣ, ಮತ್ತು ಇದು ಕೂಡ ಬೆನ್ನಿನ ಮೇಲೆ ಬರೆದೇ ಇರುತ್ತದೆ. ಫೋನಿನ ಜೊತೆ ಡಬ್ಬಿಯಲ್ಲಿ ಬಂದ ಚಾರ್ಜರ್ ಆ ಫೋನಿಗೆ ಅತ್ಯುತ್ತಮವಾಗಿರಬಹುದು. ಮನೆಯ ಇತರ ಸಾಧನಗಳಿಗೂ ಒದಗಲಿ ಎಂದು ಪ್ರತ್ಯೇಕವಾಗಿ ಕೊಳ್ಳುವಾಗ ಪಿಡಿ ಮತ್ತು ಪಿಪಿಎಸ್ ಎರಡೂ ಇರುವುದನ್ನೇ ಆರಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಅಡಾಪ್ಟರಿಗೆ ಎರಡು ಸಾವಿರ ಸುರಿದು ಕೇಬಲಿಗೆ ಐವತ್ತು ರೂಪಾಯಿ ಉಳಿಸುವವರು ಈ ಲೆಕ್ಕದಲ್ಲಿ ಸೋಲುತ್ತಾರೆ. ತೆಳು ತಂತಿಯೂ ಒಂದು ಪ್ರತಿರೋಧವೇ. ಅಗ್ಗದ ಕೇಬಲುಗಳಲ್ಲಿ ಕಾಣುವ 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ಪ್ರತಿರೋಧವಿರುತ್ತದೆ. ವಿದ್ಯುತ್ತು ಹೋಗಿ ಬರಬೇಕಾದ್ದರಿಂದ ಒಂದು ಮೀಟರ್ ಕೇಬಲಿಗೆ ಅದರ ಎರಡರಷ್ಟು. ಅದರಲ್ಲಿ 2 ಆಂಪಿಯರ್ ಹರಿಸಿದರೆ 0.85 ವೋಲ್ಟಿನಷ್ಟು ದಾರಿಯಲ್ಲೇ ಸೋರಿಹೋಗಿ, 5 ವೋಲ್ಟೆಂದು ಹೊರಟದ್ದು ಆಚೆಯ ತುದಿಗೆ 4.15 ಆಗಿ ತಲುಪುತ್ತದೆ. ಅದೇ ಉದ್ದದ 24 ಗೇಜಿನ ದಪ್ಪ ತಂತಿಯಲ್ಲಿ ಸೋರುವುದು 0.34 ವೋಲ್ಟು. ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಬಳಸುವ ವಿದ್ಯಾರ್ಥಿಗಳಿಗೆ ಇದರ ಅನುಭವ ಚೆನ್ನಾಗಿಯೇ ಇರುತ್ತದೆ: ಒಳಬರುವ ವೋಲ್ಟೇಜು 4.63ಕ್ಕಿಂತ ಇಳಿದರೆ ಪರದೆಯ ಮೂಲೆಯಲ್ಲಿ ಸಿಡಿಲಿನ ಚಿಹ್ನೆ ಮೂಡುತ್ತದೆ. ಅದರ ಅಧಿಕೃತ ಅಡಾಪ್ಟರ್ 5ರ ಬದಲು 5.1 ವೋಲ್ಟಿನದಾಗಿರುವುದು ದಾರಿಯ ಸೋರಿಕೆಗೆಂದೇ ತುಸು ಹೆಚ್ಚು ಅಳೆದು ಕೊಡುವ ಲೆಕ್ಕ.

ಟೈಪ್-ಸಿ ಕೇಬಲುಗಳಲ್ಲಿ ಇನ್ನೊಂದು ಮೆಟ್ಟಿಲಿದೆ. ಎರಡೂ ತುದಿಗೆ ಟೈಪ್-ಸಿ ಇರುವ ಸಾಧಾರಣ ಕೇಬಲ್ 3 ಆಂಪಿಯರಿಗೆ ಸೀಮಿತ, ಎಂದರೆ 20 ವೋಲ್ಟಿನಲ್ಲಿ 60 ವ್ಯಾಟಿಗೆ. ಅದಕ್ಕಿಂತ ಹೆಚ್ಚು ಹರಿಯಬೇಕಾದರೆ ಕೇಬಲಿನ ಪಿನ್ನಿನೊಳಗೆ ‘ನಾನು 5 ಆಂಪಿಯರ್ ತಾಳಬಲ್ಲೆ’ ಎಂದು ಗುರುತು ಹೇಳುವ ಒಂದು ಚಿಪ್ ಇರಬೇಕು. ಅದನ್ನು ಇ-ಮಾರ್ಕರ್ ಎನ್ನುತ್ತಾರೆ. ಮೇಲೆ ನೋಡಿದ 65 ವ್ಯಾಟಿನ ಅಡಾಪ್ಟರಿನ ಕೊನೆಯ ಜೋಡಿ 3.25 ಆಂಪಿಯರಿನದು ಎಂಬುದನ್ನು ಗಮನಿಸಬೇಕು. 3ರ ಗೆರೆಯನ್ನು ಆ ಕಾಲು ಆಂಪಿಯರ್ ದಾಟಿರುವುದರಿಂದ, ಸಾಧಾರಣ ಕೇಬಲಿನಲ್ಲಿ ಆ 65 ಎಂದಿಗೂ ಬರುವುದಿಲ್ಲ. ಇನ್ನು ಅಡಾಪ್ಟರಿನ ಕಡೆ ಹಳೆಯ ಚಪ್ಪಟೆ ಟೈಪ್-ಎ ಪಿನ್ನು ಇದ್ದರೆ ಮಾತುಕತೆಯ ಆ ಪ್ರತ್ಯೇಕ ತಂತಿಯೇ ಇಲ್ಲದ್ದರಿಂದ ಪಿಡಿ ಅಲ್ಲಿ ನಡೆಯುವುದಿಲ್ಲ. ಕಳಪೆ ಕೇಬಲ್ ನಿಧಾನ ಮಾತ್ರವಲ್ಲ, ಕೆಲವೊಮ್ಮೆ ಹಾನಿಕರವೂ ಹೌದು: ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯುಂಗ್ ಅವರು ಮಾರುಕಟ್ಟೆಯ ಟೈಪ್-ಸಿ ಕೇಬಲುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಾಗ, 2016ರಲ್ಲಿ ತಂತಿಗಳನ್ನು ಅದಲುಬದಲು ಜೋಡಿಸಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು.

ಎರಡು ಮೂರು ಕಿಂಡಿಗಳಿರುವ ಅಡಾಪ್ಟರುಗಳಲ್ಲಿ ಡಬ್ಬಿಯ ಅಂಕಿ ಒಟ್ಟು ಕುಟುಂಬದ ಆದಾಯವಿದ್ದಂತೆ, ಒಬ್ಬೊಬ್ಬರ ಸಂಬಳವಲ್ಲ. ಒಂದೇ ಕಿಂಡಿ ಬಳಸಿದಾಗ 65 ವ್ಯಾಟ್ ಕೊಡುವ ಅಡಾಪ್ಟರ್, ಎರಡನೆಯದಕ್ಕೂ ಪಿನ್ನು ಸಿಕ್ಕಿಸಿದ ಕೂಡಲೇ 45 ಮತ್ತು 20 ಎಂದು ಪಾಲು ಮಾಡಿಕೊಳ್ಳುವುದು ಸಾಮಾನ್ಯ. ಆ ಪಾಲಿನ ಪಟ್ಟಿಯೂ ಬೆನ್ನಿನ ಮೇಲೆ ಅಥವಾ ಡಬ್ಬಿಯ ಒಳಗಿನ ಚೀಟಿಯಲ್ಲಿ ಇರುತ್ತದೆ. ಎರಡನೆಯ ಫೋನನ್ನು ಸಿಕ್ಕಿಸಿದಾಗ ಮೊದಲನೆಯದರ ಚಾರ್ಜಿಂಗ್ ಒಂದು ಕ್ಷಣ ನಿಂತು ಮತ್ತೆ ಶುರುವಾದರೆ ಗಾಬರಿಪಡಬೇಕಿಲ್ಲ. ಹೊಸ ಪಟ್ಟಿಯನ್ನು ಹಿಡಿದು ಮಾತುಕತೆಯನ್ನು ಮೊದಲಿನಿಂದ ನಡೆಸುತ್ತಿದೆ, ಅಷ್ಟೆ.

ಇಷ್ಟೆಲ್ಲ ಹೊಂದಿಕೆಯಾದ ಮೇಲೂ ಬ್ಯಾಟರಿ ತನ್ನದೇ ನಡೆಯನ್ನು ಬಿಡುವುದಿಲ್ಲ. 5000 ಎಂಎಎಚ್ ಬ್ಯಾಟರಿಯನ್ನು ಅದರ ಸರಾಸರಿ 3.85 ವೋಲ್ಟಿನಿಂದ ಗುಣಿಸಿದರೆ ಸುಮಾರು 19 ವ್ಯಾಟ್-ಗಂಟೆ. 67 ವ್ಯಾಟಿನ ಚಾರ್ಜರು ಅದನ್ನು ಹದಿನೇಳು ನಿಮಿಷದಲ್ಲಿ ತುಂಬಿಸಬೇಕಿತ್ತು, ಕಾಗದದ ಮೇಲೆ. ಲಿಥಿಯಂ ಬ್ಯಾಟರಿ ಖಾಲಿಯಿದ್ದಾಗ ಹಸಿದವನಂತೆ ಎಳೆದುಕೊಂಡು, ಮುಕ್ಕಾಲು ತುಂಬುವ ಹೊತ್ತಿಗೆ ಕೈ ತಡೆಯುತ್ತದೆ. ಮೀಟರಿನಲ್ಲಿ 3 ಆಂಪಿಯರ್ ತೋರಿಸುತ್ತಿದ್ದ ಅಂಕಿ ಕೊನೆಯ ಹತ್ತು ಶೇಕಡಾದಲ್ಲಿ ಅರ್ಧ ಆಂಪಿಯರಿಗಿಂತಲೂ ಕೆಳಗಿಳಿಯಬಹುದು. ಗರಿಷ್ಠ ವ್ಯಾಟ್ ಉಳಿಯುವುದು ಕೆಲವೇ ನಿಮಿಷ. ಫೋನು ಬಿಸಿಯಾದರೆ ಅದೂ ಇಲ್ಲ. ರಾತ್ರಿಯಿಡೀ ಚಾರ್ಜಿಗೆ ಇಟ್ಟು ಮಲಗುವವರಿಗೆ 100 ವ್ಯಾಟಿನ ಅಡಾಪ್ಟರ್ ಶುದ್ಧ ದುಂದು ಎಂದು ನಾನು ಹೇಳುವುದು ಇದಕ್ಕೇ.

ಲ್ಯಾಪ್‌ಟಾಪಿನ ವಿಷಯ ಹಾಗಲ್ಲ, ಅದಕ್ಕೆ ಕಡಿಮೆಯಾದರೆ ಕಷ್ಟ. ಅದರ ಜೊತೆ ಬಂದ ಚಾರ್ಜರಿನ ಕೊನೆಯ ಜೋಡಿಯನ್ನು ಗುಣಿಸಿದಾಗ ಬರುವ ಅಂಕಿಗಿಂತ ಚಿಕ್ಕದನ್ನು ಸಿಕ್ಕಿಸಿದರೆ ‘ನಿಧಾನ ಚಾರ್ಜರ್’ ಎಂಬ ಸೂಚನೆ ಬರುತ್ತದೆ, ಭಾರಿ ಕೆಲಸ ಮಾಡುತ್ತಿದ್ದರೆ ಚಾರ್ಜಿಗೆ ಹಾಕಿದ್ದರೂ ಬ್ಯಾಟರಿ ಇಳಿಯುತ್ತ ಹೋಗುತ್ತದೆ. 2021ರಲ್ಲಿ ಬಂದ 16 ಇಂಚಿನ ಮ್ಯಾಕ್‌ಬುಕ್ ಪ್ರೊದ 140 ವ್ಯಾಟಿನ ಅಡಾಪ್ಟರ್ 28 ವೋಲ್ಟಿಗೆ 5 ಆಂಪಿಯರಿನದು. 20 ವೋಲ್ಟಿಗೆ ನಿಲ್ಲುವ ಅಡಾಪ್ಟರಿನಿಂದ ಅದಕ್ಕೆ 100ಕ್ಕಿಂತ ಹೆಚ್ಚು ಸಿಗದು.

ಇನ್‌ಪುಟ್ ಸಾಲಿಗೆ ಮತ್ತೊಮ್ಮೆ ಬಂದರೆ, ಅಲ್ಲಿನ 100–240 ಎಂಬ ವ್ಯಾಪ್ತಿ ನಮ್ಮ ಊರುಗಳಿಗೆ ದೊಡ್ಡ ಅನುಕೂಲ. 230 ಇರಬೇಕಾದ ಕಡೆ ಸಂಜೆ ಪಂಪ್‌ಸೆಟ್ಟುಗಳು ಶುರುವಾದಾಗ 170ಕ್ಕೆ ಇಳಿದರೂ ಫೋನಿನ ಚಾರ್ಜಿಂಗ್ ನಿಲ್ಲುವುದಿಲ್ಲ. ಅಮೆರಿಕಕ್ಕೆ ಹೋಗುವವರು ಅಲ್ಲಿನ 120 ವೋಲ್ಟಿಗಾಗಿ ಟ್ರಾನ್ಸ್‌ಫಾರ್ಮರ್ ಹೊತ್ತೊಯ್ಯಬೇಕಿಲ್ಲ, ಪಿನ್ನಿನ ಆಕಾರ ಬದಲಿಸುವ ಚಿಕ್ಕ ತುಂಡು ಸಾಕು. ಅದರ ಪಕ್ಕದಲ್ಲೇ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ನಮ್ಮ ದೇಶದಲ್ಲಿ ಮಾರುವ ಇಂಥ ಅಡಾಪ್ಟರುಗಳಿಗೆ ಈ ನೋಂದಣಿ ಕಡ್ಡಾಯ. ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ತಯಾರಕರ ಹೆಸರು ಕಾಣುತ್ತದೆ. ಹೆಸರು ಹೊಂದದಿದ್ದರೆ ವ್ಯಾಟಿನ ಅಂಕಿಯನ್ನೂ ನಂಬಲು ಕಾರಣವಿಲ್ಲ.

ಒಂದು ಲ್ಯಾಪ್‌ಟಾಪು, ಎರಡು ಮೂರು ಫೋನುಗಳಿರುವ ಮನೆಗೆ ಪಿಡಿ, ಪಿಪಿಎಸ್ ಎರಡೂ ಇರುವ 65 ವ್ಯಾಟಿನ ಒಂದು ಅಡಾಪ್ಟರು ಮತ್ತು 5 ಆಂಪಿಯರಿನ ಒಂದು ಕೇಬಲು ಬಹುತೇಕ ಎಲ್ಲವನ್ನೂ ನಿಭಾಯಿಸುತ್ತವೆ. ಬರೀ ಫೋನಿಗಾದರೆ 30 ವ್ಯಾಟಿನ ಸುತ್ತಮುತ್ತಲಿನದು ಸಾಕು. ಇವು ಬಂದವೆಂದು ಡ್ರಾಯರಿನಲ್ಲಿರುವ ಚಪ್ಪಟೆ ಪಿನ್ನಿನ ಹಳೆಯ 5 ವೋಲ್ಟ್, 2 ಆಂಪಿಯರ್ ಚಾರ್ಜರನ್ನು ಎಸೆಯುವ ಮುನ್ನ ಮನೆಯ ಟ್ರಿಮ್ಮರು, ಎಮರ್ಜೆನ್ಸಿ ದೀಪ, ಟಾರ್ಚುಗಳನ್ನು ಹೊಸದಕ್ಕೆ ಸಿಕ್ಕಿಸಿ ನೋಡಬೇಕು. ಟೈಪ್-ಸಿ ಕಿಂಡಿಯಿದ್ದೂ ಅವುಗಳಲ್ಲಿ ಕೆಲವು ಹೊಸ ಅಡಾಪ್ಟರಿನಲ್ಲಿ ದೀಪವನ್ನೂ ಹೊತ್ತಿಸುವುದಿಲ್ಲ. ಟೈಪ್-ಸಿ ಅಡಾಪ್ಟರು ಎದುರಿನ ಸಾಧನದಲ್ಲಿ 5.1 ಕಿಲೋಓಮಿನ ಒಂದು ರೆಸಿಸ್ಟರ್ ಇದೆಯೇ ಎಂದು ತಡವಿ ನೋಡಿ, ಇದ್ದರೆ ಮಾತ್ರ ವಿದ್ಯುತ್ತು ಬಿಡುತ್ತದೆ; ಕೆಲವು ಪೈಸೆ ಬೆಲೆಯ ಆ ರೆಸಿಸ್ಟರನ್ನು ತಯಾರಕರು ಉಳಿತಾಯಕ್ಕೆಂದು ಬಿಟ್ಟಿರುತ್ತಾರೆ. ಏನನ್ನೂ ಕೇಳದೆ 5 ವೋಲ್ಟು ಕೊಡುವ ಹಳೆಯ ಚಾರ್ಜರಿನಲ್ಲಿ ಅದೇ ಟ್ರಿಮ್ಮರು ನಿರಾಳವಾಗಿ ಚಾರ್ಜ್ ಆಗುತ್ತದೆ.